ನೋಟಿಸಿಗೆ ಅಂಜುವ ಕಥೆಗಳು

2007ರ ಮೇ ತಿಂಗಳ ಕೊನೆಯ ದಿನಗಳಲ್ಲಿ ಲೈವ್‌ಜರ್ನಲ್ ಎಂಬ ಅಮೆರಿಕದ ಜಾಲತಾಣದಲ್ಲಿ ಸುಮಾರು 500 ಖಾತೆಗಳ ಹೆಸರಿನ ಮೇಲೆ ಅಡ್ಡಗೆರೆ ಬಿತ್ತು. ಅಲ್ಲಿನ ಪದ್ಧತಿಯೇ ಹಾಗೆ. ಖಾತೆ ಅಮಾನತಾದರೆ ಹೆಸರು ಉಳಿಯುತ್ತದೆ, ಅದರ ಮೇಲೊಂದು ಗೆರೆ ಎಳೆದಿರುತ್ತದೆ, ಬರೆದದ್ದೆಲ್ಲ ಕಾಣೆಯಾಗಿರುತ್ತದೆ. ದೂರು ಕೊಟ್ಟದ್ದು ಒಂದು ಖಾಸಗಿ ಗುಂಪು. ಮಕ್ಕಳನ್ನು ಲೈಂಗಿಕ ಶೋಷಣೆಯಿಂದ ಕಾಪಾಡುವುದು ತನ್ನ ಉದ್ದೇಶ ಎಂದು ಅದು ಹೇಳಿಕೊಂಡಿತ್ತು. ಕಂಪನಿ ಮಾಡಿದ್ದಿಷ್ಟು: ಸದಸ್ಯರು ತಮ್ಮ ಪರಿಚಯ ಪುಟದಲ್ಲಿ ಬರೆದುಕೊಂಡಿದ್ದ ‘ಆಸಕ್ತಿ’ಗಳ ಪಟ್ಟಿಯಲ್ಲಿ ಕೆಲವು ಪದಗಳನ್ನು ಹುಡುಕಿತು, ಸಿಕ್ಕವರನ್ನು ಹೊರಹಾಕಿತು. ಅತ್ಯಾಚಾರ ಎಂಬ ಪದವನ್ನು ಅಲ್ಲಿ ಬರೆದವರು ಅದನ್ನು ಅನುಭವಿಸಿ ಬದುಕಿ ಬಂದವರೇ, ಬೇರೆಯವರೇ ಎಂದು ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ. ಹಾಗಾಗಿ ಸಂತ್ರಸ್ತರ ಗುಂಪುಗಳು ಹೋದವು. ಹ್ಯಾರಿ ಪಾಟರ್ ಕಥೆ ಬರೆಯುವವರ ಗುಂಪು ಹೋಯಿತು. ನಬಕೋವ್‌ನ ‘ಲೊಲಿಟಾ’ ಕಾದಂಬರಿಯನ್ನು ಸ್ಪ್ಯಾನಿಷ್ ಭಾಷೆಯಲ್ಲಿ ಚರ್ಚಿಸುತ್ತಿದ್ದ ಗುಂಪೂ ಹೋಯಿತು. ಗಲಾಟೆಯೆದ್ದ ಮೇಲೆ ಕಂಪನಿ ಕ್ಷಮೆ ಕೇಳಿ ಬಹಳಷ್ಟು ಖಾತೆಗಳನ್ನು ಮರಳಿಸಿತು.

ಇಲ್ಲಿ ನ್ಯಾಯಾಧೀಶರಿರಲಿಲ್ಲ, ವಕೀಲರಿರಲಿಲ್ಲ, ಯಾರಾದರೂ ಕಾನೂನು ಮುರಿದಿದ್ದಾರೆಂದು ಸಾಬೀತೂ ಆಗಿರಲಿಲ್ಲ. ಅಭಿಮಾನಿಗಳು ಬರೆಯುವ ಕಥೆಗಳು, ಅಂದರೆ ಫ್ಯಾನ್ ಫಿಕ್ಷನ್, ಕೋರ್ಟಿನ ತೀರ್ಪಿನಿಂದ ನಾಶವಾದ ಉದಾಹರಣೆ ಹುಡುಕಿದರೂ ಸಿಗುವುದು ಕಷ್ಟ. ಅವು ನಾಶವಾಗುವುದು ತೀರ್ಪಿಗಿಂತ ಬಹಳ ಮೊದಲು, ಒಂದು ದೂರು ಅಥವಾ ಒಂದು ನೋಟಿಸು ಬಂದ ದಿನವೇ. ಹಕ್ಕುಸ್ವಾಮ್ಯದ ಚರ್ಚೆಯಲ್ಲಿ ಎಲ್ಲರೂ ‘ಇದು ಕದ್ದದ್ದೋ ಅಲ್ಲವೋ’ ಎಂದು ವಾದಿಸುತ್ತಾರೆ. ಅದನ್ನು ತೀರ್ಮಾನಿಸುವ ಜಾಗಕ್ಕೆ ಕಥೆ ತಲುಪುವುದೇ ಇಲ್ಲ ಎಂಬುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಇಷ್ಟಪಟ್ಟ ಕಾದಂಬರಿಯೋ ಸಿನಿಮಾವೋ ಧಾರಾವಾಹಿಯೋ ಮುಗಿದ ಮೇಲೆ ಓದುಗರು ಅದೇ ಪಾತ್ರಗಳನ್ನಿಟ್ಟುಕೊಂಡು ಮುಂದಿನ ಕಥೆ ಬರೆಯುತ್ತಾರೆ. ಸತ್ತ ಪಾತ್ರವನ್ನು ಬದುಕಿಸುತ್ತಾರೆ, ಮೂಲದಲ್ಲಿ ಒಂದಾಗದ ಜೋಡಿಯನ್ನು ಒಂದು ಮಾಡುತ್ತಾರೆ, ಮೂಲೆಯಲ್ಲಿ ನಿಂತಿದ್ದವಳಿಗೆ ಬಾಯಿ ಕೊಡುತ್ತಾರೆ. ಇದು ಇಂಟರ್ನೆಟ್ಟಿನ ಹುಚ್ಚು ಎಂದುಕೊಳ್ಳಬೇಡಿ. ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಅಭಿಮಾನಿಗಳು ‘ಸ್ಪಾಕನೇಲಿಯಾ’ ಎಂಬ ಪತ್ರಿಕೆಯನ್ನು ಹೊರತಂದದ್ದು 1967ರಲ್ಲಿ, ನಮ್ಮ ಕಾಲೇಜುಗಳಲ್ಲಿ ಪ್ರಶ್ನೆಪತ್ರಿಕೆ ತೆಗೆಯುತ್ತಿದ್ದಂಥ ಸೈಕ್ಲೋಸ್ಟೈಲ್ ಯಂತ್ರದಲ್ಲಿ. ಬರೆಯುವವರಲ್ಲಿ ಆಗಲೂ ಈಗಲೂ ಹೆಂಗಸರೇ ಹೆಚ್ಚು. ಸಂಭಾವನೆ ಆಗಲೂ ಈಗಲೂ ಸೊನ್ನೆ.

ಇಲ್ಲಿಗೆ ಬಂದಾಗ ಕನ್ನಡದ ಲೇಖಕರು ಪಂಪನ ಹೆಸರೆತ್ತುವುದು ವಾಡಿಕೆ. ವ್ಯಾಸರ ಅರ್ಜುನನನ್ನು ತೆಗೆದುಕೊಂಡು ತನ್ನ ದೊರೆ ಅರಿಕೇಸರಿಗೆ ಹೊಂದಿಸಿದ ಪಂಪನೂ ಅಭಿಮಾನಿ ಲೇಖಕನೇ ಅಲ್ಲವೇ ಎಂಬ ವಾದ. ಕೇಳಲು ಚೆನ್ನಾಗಿದೆ, ಆದರೆ ಅದು ಅರ್ಧ ವಾದ. ವ್ಯಾಸರಿಗೆ ಪ್ರಕಾಶಕರಿರಲಿಲ್ಲ, ಗೌರವಧನ ಪಡೆಯುವ ವಾರಸುದಾರರೂ ಇರಲಿಲ್ಲ. ನಮ್ಮ ಪರಂಪರೆಯಲ್ಲಿ ಈ ವಿಷಯಕ್ಕೆ ಹತ್ತಿರವಾದದ್ದು ತಾಳಮದ್ದಲೆ. ಪ್ರಸಂಗದ ಪದ್ಯ ಬದಲಾಗುವಂತಿಲ್ಲ. ಆದರೆ ಬಾಣ ತಿಂದು ಬಿದ್ದ ವಾಲಿ ರಾಮನಿಗೆ ಏನು ಕೇಳಬೇಕು ಎಂಬುದು ಅರ್ಥಧಾರಿಗೆ ಬಿಟ್ಟದ್ದು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರಿಗೆ ಗೊತ್ತು, ಕಥೆ ಹಳೆಯದು, ಪ್ರಶ್ನೆ ಮಾತ್ರ ಆ ರಾತ್ರಿಯದು. ಅಭಿಮಾನಿ ಕಥೆ ಚೆನ್ನಾಗಿದ್ದಾಗ ಮಾಡುವುದು ಈ ಕೆಲಸವನ್ನೇ, ಮೂಲದವರನ್ನು ಕಟಕಟೆಗೆ ಕರೆದು ಕೇಳುವ ಕೆಲಸ. ಚೆನ್ನಾಗಿಲ್ಲದಿದ್ದಾಗ ಏನು ಮಾಡುತ್ತದೆ ಎಂಬುದನ್ನು ಬಿಡಿ. ಕೆಟ್ಟ ಕಾದಂಬರಿಗಳೂ ಕಡಿಮೆಯೇನಿಲ್ಲ.

ತೊಂದರೆ ಬರುವುದು ಮೂಲ ಲೇಖಕರು ಬದುಕಿದ್ದು ಒಪ್ಪದಿದ್ದಾಗ. ರಕ್ತಪಿಶಾಚಿಗಳ ಕಾದಂಬರಿಗಳಿಂದ ಹೆಸರಾದ ಆನ್ ರೈಸ್ ತಮ್ಮ ಪಾತ್ರಗಳನ್ನು ಯಾರೂ ಮುಟ್ಟಕೂಡದೆಂದು ಪಟ್ಟು ಹಿಡಿದರು. 1998ರಲ್ಲಿ ಶುರುವಾಗಿದ್ದ ಫ್ಯಾನ್‌ಫಿಕ್ಷನ್ ಡಾಟ್ ನೆಟ್ ಅವರ ಪಾತ್ರಗಳ ಕಥೆಗಳನ್ನೆಲ್ಲ ತೆಗೆದುಹಾಕಿತು. ‘ಗೇಮ್ ಆಫ್ ಥ್ರೋನ್ಸ್’ನ ಮೂಲ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ಅವರಿಗೂ ಇದು ಇಷ್ಟವಿಲ್ಲ. ಅವರ ಬೇಸರ ಅರ್ಥವಾಗುವಂಥದ್ದೇ. ವರ್ಷಗಟ್ಟಲೆ ಕೂತು ಕಟ್ಟಿದ ಮನುಷ್ಯನನ್ನು ಯಾರೋ ಒಬ್ಬರು ಒಂದು ಸಂಜೆಯಲ್ಲಿ ಬೇರೆ ಮಾಡಿಬಿಟ್ಟರೆ ಯಾರಿಗಾದರೂ ನೋಯುತ್ತದೆ. ಆದರೆ ನೋವಾಯಿತು ಎಂಬುದಕ್ಕೂ ನಷ್ಟವಾಯಿತು ಎಂಬುದಕ್ಕೂ ವ್ಯತ್ಯಾಸವಿದೆ. ಅಭಿಮಾನಿ ಕಥೆ ಓದಿದ್ದರಿಂದ ಮೂಲ ಪುಸ್ತಕ ಕೊಳ್ಳುವುದನ್ನು ಬಿಟ್ಟವರನ್ನು ನಾನಂತೂ ನೋಡಿಲ್ಲ. ಮೂಲ ಓದದವನಿಗೆ ಅಭಿಮಾನಿ ಕಥೆ ತಲೆಬುಡ ತಿಳಿಯುವುದೇ ಇಲ್ಲ.

ಸರ್ವಾಂಟಿಸ್‌ನ ಪ್ರಸಂಗ ಇಲ್ಲಿ ನೆನಪಿಗೆ ಬರುತ್ತದೆ. ‘ಡಾನ್ ಕ್ವಿಕ್ಸೋಟ್’ನ ಮೊದಲ ಭಾಗ ಬಂದ ಮೇಲೆ, 1614ರಲ್ಲಿ ಬೇರೊಬ್ಬ ಗುಪ್ತನಾಮದಲ್ಲಿ ಎರಡನೆಯ ಭಾಗ ಬರೆದು ಪ್ರಕಟಿಸಿಬಿಟ್ಟ. ಸರ್ವಾಂಟಿಸ್ ಮರುವರ್ಷ ತನ್ನದೇ ಎರಡನೆಯ ಭಾಗ ತಂದ, ಅದರೊಳಗೇ ಆ ನಕಲಿಯನ್ನು ಚೆನ್ನಾಗಿ ಗೇಲಿ ಮಾಡಿದ. ಇಂದು ನಾವು ಓದುವುದು ಸರ್ವಾಂಟಿಸ್‌ನದನ್ನೇ.

ಅಮೆರಿಕದ ಹಕ್ಕುಸ್ವಾಮ್ಯ ಕಾನೂನಿನಲ್ಲಿ ‘ಫೇರ್ ಯೂಸ್’ ಎಂಬ ಕಿಟಕಿಯಿದೆ. 1994ರಲ್ಲಿ ಒಂದು ರ‍್ಯಾಪ್ ತಂಡ ‘ಪ್ರೆಟಿ ವುಮನ್’ ಹಾಡನ್ನು ಅಣಕಿಸಿದ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಹೊಸ ಕೃತಿ ಮೂಲಕ್ಕೆ ಹೊಸ ಅರ್ಥ ಕೊಡುತ್ತದೆಯೇ ಎಂಬುದನ್ನು ನೋಡಬೇಕು ಎಂದಿತು. 2001ರಲ್ಲಿ ಆಲಿಸ್ ರಾಂಡಲ್ ‘ಗಾನ್ ವಿತ್ ದ ವಿಂಡ್’ ಕಥೆಯನ್ನು ಗುಲಾಮಳ ಮಗಳ ಕಣ್ಣಿನಿಂದ ತಿರುಗಿಸಿ ಬರೆದರು. ಕೆಳ ನ್ಯಾಯಾಲಯ ಪುಸ್ತಕ ತಡೆದಿತ್ತು, ಮೇಲ್ಮನವಿ ನ್ಯಾಯಾಲಯ ಆ ತಡೆಯನ್ನು ತೆಗೆಯಿತು. ಎಲ್ಲರೂ ಗೆದ್ದಿಲ್ಲ ಎನ್ನುವುದೂ ನಿಜ. ಸ್ಯಾಲಿಂಜರ್‌ನ ‘ದ ಕ್ಯಾಚರ್ ಇನ್ ದ ರೈ’ ನಾಯಕನನ್ನು ಮುದುಕನನ್ನಾಗಿಸಿ ಬರೆದ ಸ್ವೀಡಿಷ್ ಲೇಖಕನ ಪುಸ್ತಕ ರಾಜಿ ಒಪ್ಪಂದದ ಪ್ರಕಾರ ಅಮೆರಿಕದಲ್ಲಿ ಸದ್ಯಕ್ಕೆ ಪ್ರಕಟವಾಗುವಂತಿಲ್ಲ. ಹೇಗೂ ಇರಲಿ, ಇವೆಲ್ಲ ಪ್ರಕಾಶಕರು ಬೆನ್ನಿಗಿದ್ದ, ಹಣಕ್ಕೆ ಮಾರುವ ಪುಸ್ತಕಗಳು. ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಮೊಬೈಲಿನಲ್ಲಿ ಒಂದು ಅಧ್ಯಾಯ ಬರೆದು ಹಾಕುವ ಹೆಣ್ಣುಮಗಳಿಗೆ ವಕೀಲರನ್ನು ಇಟ್ಟುಕೊಳ್ಳಲು ಎಲ್ಲಿಂದ ಆಗಬೇಕು?

1998ರ ಅಮೆರಿಕದ ಡಿಎಂಸಿಎ ಕಾಯ್ದೆ ಬಲಿಷ್ಠರಿಗೆ ಸುಲಭದ ದಾರಿಯೊಂದನ್ನು ಮಾಡಿಕೊಟ್ಟಿತು. ಹಕ್ಕುದಾರ ನೋಟಿಸು ಕಳಿಸಿದ ಕೂಡಲೇ ಜಾಲತಾಣ ಅದನ್ನು ತೆಗೆದರೆ ತನ್ನ ಮೇಲೆ ಹೊಣೆ ಬರುವುದಿಲ್ಲ. ತೆಗೆಯದಿದ್ದರೆ ಮೊಕದ್ದಮೆಯ ಭಯ. ಹಾಗಿರುವಾಗ ಬಳಕೆದಾರರ ಪರ ನಿಲ್ಲುವ ಕಂಪನಿ ಎಲ್ಲಿ ಸಿಗುತ್ತದೆ? 2007ರಲ್ಲಿ ಪೆನ್ಸಿಲ್ವೇನಿಯಾದ ತಾಯಿಯೊಬ್ಬರು ಅಡುಗೆಮನೆಯಲ್ಲಿ ಮಗು ಕುಣಿಯುವ 29 ಸೆಕೆಂಡಿನ ವಿಡಿಯೊ ಯೂಟ್ಯೂಬಿಗೆ ಹಾಕಿದರು. ಹಿನ್ನೆಲೆಯಲ್ಲಿ ಪ್ರಿನ್ಸ್‌ನ ಹಾಡು ಅಸ್ಪಷ್ಟವಾಗಿ ಕೇಳುತ್ತಿತ್ತು. ಯೂನಿವರ್ಸಲ್ ಮ್ಯೂಸಿಕ್ ನೋಟಿಸು ಕಳಿಸಿತು, ವಿಡಿಯೊ ಹೋಯಿತು. ಆಕೆ ಹೋರಾಟಗಾರರ ನೆರವಿನಿಂದ ಕೋರ್ಟಿಗೆ ಹೋದರು. ನೋಟಿಸು ಕಳಿಸುವ ಮೊದಲು ‘ಫೇರ್ ಯೂಸ್’ ಆಗಿರಬಹುದೇ ಎಂದು ಯೋಚಿಸಬೇಕು ಎಂದು ಮೇಲ್ಮನವಿ ನ್ಯಾಯಾಲಯ ಹೇಳಿದ್ದು 2015ರಲ್ಲಿ. ಪ್ರಕರಣ ಮುಗಿದದ್ದು 2018ರಲ್ಲಿ. 29 ಸೆಕೆಂಡಿಗೆ 11 ವರ್ಷ.

ಲೈವ್‌ಜರ್ನಲ್ಲಿನ ಅಡ್ಡಗೆರೆಗಳಿಗೆ ಕೆಲವೇ ದಿನ ಮೊದಲು, ಅದೇ 2007ರ ಮೇ ತಿಂಗಳಲ್ಲಿ, ಆಗಲೇ ಕಾದಂಬರಿಗಾರ್ತಿಯಾಗಿಯೂ ಹೆಸರು ಮಾಡಿದ್ದ ನವೋಮಿ ನೋವಿಕ್ ಒಂದು ಪ್ರಸ್ತಾಪ ಮುಂದಿಟ್ಟಿದ್ದರು. ನಮ್ಮ ಕಥೆಗಳಿಗೆ ನಮ್ಮದೇ ಭಂಡಾರ ಬೇಕು, ಅದರಲ್ಲಿ ಜಾಹೀರಾತು ಇರಬಾರದು, ಯಂತ್ರಗಳೂ ನಮ್ಮವೇ ಆಗಿರಬೇಕು ಎಂಬುದು ಅದರ ಸಾರ. ಅಭಿಮಾನಿ ಕಥೆಗಳಿಂದ ಹಣ ಮಾಡಲು ಹೊರಟ ಒಂದು ವಾಣಿಜ್ಯ ತಾಣ ಆಗಷ್ಟೇ ಶುರುವಾಗಿತ್ತು. ಆ ಸಿಟ್ಟೂ ಈ ಪ್ರಸ್ತಾಪದ ಹಿಂದಿತ್ತು. ಆ ವರ್ಷವೇ ಲಾಭರಹಿತ ಸಂಸ್ಥೆಯೊಂದು ಹುಟ್ಟಿತು. 2009ರ ನವೆಂಬರ್ 14ರಂದು ‘ಆರ್ಕೈವ್ ಆಫ್ ಅವರ್ ಓನ್’ ಎಲ್ಲರಿಗೂ ತೆರೆಯಿತು. ವರ್ಜೀನಿಯಾ ವುಲ್ಫ್ ಬಲ್ಲವರಿಗೆ ಹೆಸರಿನ ಮೂಲ ಬೇರೆ ಹೇಳಬೇಕಿಲ್ಲ. ಅದಕ್ಕೆ ಕೋಡ್ ಬರೆದವರಲ್ಲಿ ಅನೇಕ ಹೆಂಗಸರು ಆ ಕೆಲಸ ಮಾಡುತ್ತಲೇ ಪ್ರೋಗ್ರಾಮಿಂಗ್ ಕಲಿತವರು. ನಡೆಯುವುದು ದೇಣಿಗೆಯಿಂದ. ಇಂದು ಅಲ್ಲಿರುವ ಕೃತಿಗಳು ಒಂದು ಕೋಟಿ ದಾಟಿವೆ. 2019ರಲ್ಲಿ ಡಬ್ಲಿನ್‌ನಲ್ಲಿ ವೈಜ್ಞಾನಿಕ ಕಥೆಗಳ ಪ್ರತಿಷ್ಠಿತ ಹ್ಯೂಗೊ ಪ್ರಶಸ್ತಿ ಈ ಭಂಡಾರಕ್ಕೇ ಬಂತು.

ಅಲ್ಲಿನ ಒಂದು ಪುಟವನ್ನು ತೆರೆದು ನೋಡುವುದು ಒಳ್ಳೆಯದು. ಕಥೆಯ ಮೇಲೆ ಒಂದು ಪೆಟ್ಟಿಗೆ. ಮೊದಲ ಸಾಲಿನಲ್ಲಿ ಇದು ಎಲ್ಲರಿಗೋ, ಹದಿಹರೆಯದವರಿಗೋ, ವಯಸ್ಕರಿಗೋ ಎಂಬ ದರ್ಜೆ. ಮುಂದಿನ ಸಾಲಿನಲ್ಲಿ ಎಚ್ಚರಿಕೆ: ತೀವ್ರ ಹಿಂಸೆ, ಮುಖ್ಯ ಪಾತ್ರದ ಸಾವು, ಅತ್ಯಾಚಾರ, ಅಪ್ರಾಪ್ತರ ಲೈಂಗಿಕತೆ ಇವುಗಳಲ್ಲಿ ಏನಿದೆ, ಏನಿಲ್ಲ ಎಂಬುದು. ಹೇಳಲು ಇಷ್ಟವಿಲ್ಲದಿದ್ದರೆ ‘ಎಚ್ಚರಿಕೆ ಕೊಡದಿರಲು ಲೇಖಕರು ನಿರ್ಧರಿಸಿದ್ದಾರೆ’ ಎಂಬರ್ಥದ ಗುರುತು. ಅದೂ ಒಂದು ಎಚ್ಚರಿಕೆಯೇ. ಆಮೇಲೆ ಜೋಡಿಗಳ ಹೆಸರು, ಅಭಿಮಾನಿಗಳ ಬಾಯಲ್ಲಿ ‘ಶಿಪ್’. ಆಮೇಲೆ ಲೇಖಕಿ ತನಗೆ ತೋಚಿದಂತೆ ಅಂಟಿಸಿದ ಟ್ಯಾಗುಗಳು. ಒಬ್ಬರು ‘ಜಾನ್‌ಲಾಕ್’ ಎಂದು ಬರೆಯುತ್ತಾರೆ, ಇನ್ನೊಬ್ಬರು ಶೆರ್ಲಾಕ್ ಹೋಮ್ಸ್, ಜಾನ್ ವಾಟ್ಸನ್ ಎಂದು ಪೂರ್ತಿ ಬರೆಯುತ್ತಾರೆ. ಇವೆರಡೂ ಒಂದೇ ಎಂದು ತೆರೆಮರೆಯಲ್ಲಿ ಕೂತು ಜೋಡಿಸುವ ಸ್ವಯಂಸೇವಕರ ಪಡೆಯೇ ಇದೆ. ವಯಸ್ಕರ ಕಥೆಯಾದರೆ ‘ಮುಂದುವರಿಯಲೇ’ ಎಂದು ಕೇಳಿದ ಮೇಲೆಯೇ ಒಳಗೆ ಬಿಡುತ್ತದೆ. ಕೆಳಗೆ ಮೆಚ್ಚುಗೆಯ ಒಂದು ಗುಂಡಿ. ಇಷ್ಟವಾಗಲಿಲ್ಲ ಎನ್ನಲು ಗುಂಡಿಯಿಲ್ಲ.

ನಿಷೇಧದ ಚರ್ಚೆಗೆ ಈ ಪೆಟ್ಟಿಗೆಯೇ ಉತ್ತರ ಎಂದು ನನ್ನ ಅಭಿಪ್ರಾಯ. ಅಸಹ್ಯವಾದದ್ದು, ನನಗೆ ಓದಲಾಗದ್ದು ಅಲ್ಲಿ ಸಾಕಷ್ಟಿದೆ, ಮುಚ್ಚಿಡಬೇಕಿಲ್ಲ. ಅಕ್ಷರದಲ್ಲಿ ಬರೆದ ಕಲ್ಪನೆ ಕಾನೂನಿನ ಮಿತಿಯೊಳಗಿದ್ದರೆ, ಯಾರಿಗೋ ಹಿಡಿಸಲಿಲ್ಲ ಎಂಬ ಕಾರಣಕ್ಕೆ ಈ ಭಂಡಾರ ಅದನ್ನು ಅಳಿಸುವುದಿಲ್ಲ. ಒಳಗೇನಿದೆ ಎಂದು ಹೊರಗೆ ಬರೆಯುತ್ತದೆ, ಆಯ್ಕೆಯನ್ನು ಓದುಗರಿಗೆ ಬಿಡುತ್ತದೆ. ಫ್ಯಾನ್‌ಫಿಕ್ಷನ್ ಡಾಟ್ ನೆಟ್ 2002ರಲ್ಲಿ ವಯಸ್ಕರ ಕಥೆಗಳನ್ನು ನಿಷೇಧಿಸಿ, ಹತ್ತು ವರ್ಷದ ಮೇಲೆ ಮತ್ತೆ ದೊಡ್ಡ ಪ್ರಮಾಣದಲ್ಲಿ ಕಥೆಗಳನ್ನು ತೆಗೆಯಿತು. ಅದರಿಂದ ಆ ಬರವಣಿಗೆ ನಿಲ್ಲಲಿಲ್ಲ, ಜಾಗ ಬದಲಿಸಿತು ಅಷ್ಟೇ.

ಚೀನಾದಲ್ಲಿ ನಡೆದದ್ದು ಇನ್ನೊಂದು ಬಗೆ. ನಟ ಶಿಯಾವ್ ಝಾನ್‌ನನ್ನು ಪಾತ್ರವಾಗಿಸಿ ಬರೆದ ಕಥೆಯೊಂದು ಅವನ ಅಭಿಮಾನಿಗಳಲ್ಲಿ ಒಂದು ವರ್ಗವನ್ನು ಕೆರಳಿಸಿತು. ಅವರು ಗುಂಪುಗೂಡಿ ಸರ್ಕಾರಕ್ಕೆ ದೂರಿತ್ತರು. 2020ರ ಫೆಬ್ರುವರಿ 29ರಂದು ಇಡೀ ಭಂಡಾರ ಚೀನಾದಲ್ಲಿ ತೆರೆಯದಂತಾಯಿತು. ಒಂದು ಕಥೆಯ ಮೇಲಿನ ಸಿಟ್ಟಿಗೆ ಲಕ್ಷಾಂತರ ಕಥೆಗಳು ಹೋದವು, ದೂರಿತ್ತವರು ಓದುತ್ತಿದ್ದವೂ ಅದರಲ್ಲಿ ಸೇರಿ. ಬದುಕಿರುವ ವ್ಯಕ್ತಿಗಳ ಮೇಲೆ ಬರೆಯುವ ಕಥೆಗಳ ಬಗ್ಗೆ ನನಗೂ ಹಿಂಜರಿಕೆಯಿದೆ. ಮಾನನಷ್ಟವಾದರೆ ಅದಕ್ಕೆ ಬೇರೆ ಕಾನೂನಿದೆ, ಅದು ಆ ಒಂದು ಕಥೆಯನ್ನು ವಿಚಾರಿಸಲಿ.

ನಮ್ಮ ದೇಶಕ್ಕೆ ಬರೋಣ. 2007ರ ದುರ್ಗಾಪೂಜೆಗೆ ಕೋಲ್ಕತ್ತದ ಸಾಲ್ಟ್ ಲೇಕ್ ಬಡಾವಣೆಯ ಎಫ್‌ಡಿ ಬ್ಲಾಕಿನವರು ಪೆಂಡಾಲನ್ನು ಹಾಗ್ವರ್ಟ್ಸ್ ಕೋಟೆಯ ಹಾಗೆ ಕಟ್ಟಿದರು. ಲೇಖಕಿ ರೋಲಿಂಗ್ ಮತ್ತು ವಾರ್ನರ್ ಬ್ರದರ್ಸ್ ಕಡೆಯಿಂದ ದೆಹಲಿ ಹೈಕೋರ್ಟಿನಲ್ಲಿ ದಾವೆ ಬಿತ್ತು, 20 ಲಕ್ಷ ರೂಪಾಯಿ ಪರಿಹಾರದ ಬೇಡಿಕೆ. ಕೋರ್ಟು ಹಬ್ಬ ಮುಗಿಯುವವರೆಗೆ ಪೆಂಡಾಲ್ ನಿಲ್ಲಲಿ ಎಂದಿತು, ಮುಂದೆ ಅನುಮತಿಯಿಲ್ಲದೆ ಇಂಥದ್ದು ಮಾಡಬೇಡಿ ಎಂದೂ ಹೇಳಿತು. ಜನ ಹಬ್ಬ ಮಾಡಿದರು.

ಇದಕ್ಕಿಂತ ಗಟ್ಟಿಯಾದದ್ದು ಕೇರಳದ ಪ್ರಕರಣ. ತೋಪ್ಪಿಲ್ ಭಾಸಿಯವರ ‘ನಿಙ್ಙಳೆನ್ನೆ ಕಮ್ಯುನಿಸ್ಟಾಕ್ಕಿ’ 1952ರ ಪ್ರಸಿದ್ಧ ನಾಟಕ, ‘ನೀವು ನನ್ನನ್ನು ಕಮ್ಯುನಿಸ್ಟ್ ಮಾಡಿದಿರಿ’ ಎಂದರ್ಥ. ನಾಲ್ಕು ದಶಕದ ನಂತರ ಸಿವಿಕ್ ಚಂದ್ರನ್ ಅದರದೇ ಪಾತ್ರಗಳನ್ನು, ಸಂಭಾಷಣೆಯನ್ನು ಬಳಸಿ ಎದುರು ನಾಟಕ ಬರೆದರು. ಅದರ ಹೆಸರು ‘ನೀವು ಯಾರನ್ನು ಕಮ್ಯುನಿಸ್ಟ್ ಮಾಡಿದಿರಿ?’ ಎಂಬುದು. ಭಾಸಿಯವರ ವಾರಸುದಾರರು ಕೋರ್ಟಿಗೆ ಹೋದರು. ಎಷ್ಟು ತೆಗೆದುಕೊಂಡಿದ್ದಾರೆ, ಏಕೆ ತೆಗೆದುಕೊಂಡಿದ್ದಾರೆ, ಎರಡೂ ಒಂದಕ್ಕೊಂದು ಪೈಪೋಟಿಯೇ ಎಂಬುದನ್ನು 1996ರಲ್ಲಿ ಕೇರಳ ಹೈಕೋರ್ಟ್ ನೋಡಿತು. ಉದ್ದೇಶ ವಿಮರ್ಶೆ, ಆದ್ದರಿಂದ ನಾಟಕ ತಡೆಯಲಾಗದು ಎಂದಿತು. ಅಭಿಮಾನಿ ಕಥೆಗಳ ಪರವಾಗಿ ನಮ್ಮ ದೇಶದಲ್ಲಿ ಎತ್ತಿ ಹಿಡಿಯಬಹುದಾದ ತೀರ್ಪು ಇದು.

ಆದರೂ ಕಾಯ್ದೆಯ ಅಕ್ಷರ ಇಕ್ಕಟ್ಟಾಗಿದೆ. 1957ರ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ಖಾಸಗಿ ಬಳಕೆ ಮತ್ತು ಸಂಶೋಧನೆ, ವಿಮರ್ಶೆ, ಪ್ರಸ್ತುತ ವಿದ್ಯಮಾನಗಳ ವರದಿ ಎಂದು ನ್ಯಾಯಯುತ ಬಳಕೆಗೆ ಪಟ್ಟಿ ಕೊಡುತ್ತದೆ. ಹಣವಿಲ್ಲದೆ, ಪ್ರೀತಿಯಿಂದ ಬರೆದ ಮುಂದಿನ ಕಥೆ ಈ ಪಟ್ಟಿಯಲ್ಲಿಲ್ಲ. 57ನೇ ಸೆಕ್ಷನ್ ಲೇಖಕರ ಗೌರವಕ್ಕೆ ಕುಂದು ಬರುವಂತೆ ಕೃತಿಯನ್ನು ತಿರುಚುವುದನ್ನು ತಡೆಯುತ್ತದೆ. ಯಾವುದು ತಿರುಚುವಿಕೆ, ಯಾವುದು ಮರುಸೃಷ್ಟಿ ಎಂಬುದು ಆಯಾ ಕೋರ್ಟಿನ ವಿವೇಚನೆ. ಜತೆಗೆ, ಹಕ್ಕುಸ್ವಾಮ್ಯ ಉಲ್ಲಂಘನೆ ನಮ್ಮಲ್ಲಿ ಕ್ರಿಮಿನಲ್ ಅಪರಾಧವೂ ಹೌದು. ಮೂರು ವರ್ಷದವರೆಗೆ ಜೈಲು. ಇದು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಣ ಮಾಡದವರಿಗೆ ಶಿಕ್ಷೆ ಕಡಿಮೆ ಮಾಡಬಹುದು ಎಂಬ ರಿಯಾಯಿತಿ ಕಾಯ್ದೆಯಲ್ಲಿದೆ, ಆದರೆ ಅದು ತೀರ್ಪಿನ ದಿನದ ಮಾತು. ಪೊಲೀಸ್ ಠಾಣೆಯಿಂದ ಕರೆ ಬಂದ ದಿನದ್ದಲ್ಲ.

ನೋಟಿಸಿನ ವ್ಯವಸ್ಥೆಯಂತೂ ಅಮೆರಿಕದ್ದಕ್ಕಿಂತ ಬಿಗಿ. ಹಕ್ಕುದಾರ ಲಿಖಿತ ದೂರು ಕೊಟ್ಟರೆ, ಅದು ಸರಿಯೆಂದು ತೋರಿದಲ್ಲಿ ಜಾಲತಾಣ 36 ಗಂಟೆಯೊಳಗೆ ಕ್ರಮ ಕೈಗೊಂಡು 21 ದಿನ ಆ ಬರಹವನ್ನು ಮುಚ್ಚಿಡಬೇಕು. ಅಷ್ಟರಲ್ಲಿ ದೂರುದಾರ ಕೋರ್ಟಿನ ಆದೇಶ ತಾರದಿದ್ದರೆ ಜಾಲತಾಣ ಬರಹವನ್ನು ಮರಳಿ ತೆರೆಯಬಹುದು, ತೆರೆಯಲೇಬೇಕೆಂಬ ಕಡ್ಡಾಯವಿಲ್ಲ. ಬರೆದವರ ಉತ್ತರ ಕೇಳುವ ಏರ್ಪಾಡು ಕಾಯ್ದೆಯಲ್ಲೇ ಇಲ್ಲ. ಅಮೆರಿಕದಲ್ಲಿ ಕನಿಷ್ಠ ಪ್ರತಿನೋಟಿಸು ಕೊಡುವ ಅವಕಾಶವಿದೆ.

ಕರ್ನಾಟಕದಲ್ಲಿ ಮರುಕಥನಕ್ಕೆ ಬಂದ ಪೆಟ್ಟು ಹಕ್ಕುಸ್ವಾಮ್ಯದ ಕಡೆಯಿಂದಲ್ಲ, ಭಾವನೆಗಳ ಕಡೆಯಿಂದ. ಬಸವಣ್ಣನವರ ಬದುಕನ್ನು ಬೇರೆ ಬಗೆಯಲ್ಲಿ ಹೇಳಿದ ಪಿ. ವಿ. ನಾರಾಯಣ ಅವರ ‘ಧರ್ಮಕಾರಣ’ಕ್ಕೆ ಸರ್ಕಾರದ ಮುಟ್ಟುಗೋಲು ಬಿತ್ತು. 2007ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಗಣೇಶನ ಕಥೆಯನ್ನು ಮರಳಿ ಬರೆದ ‘ಢುಂಢಿ’ಗಾಗಿ ಯೋಗೇಶ್ ಮಾಸ್ಟರ್ ಬಂಧನಕ್ಕೊಳಗಾದದ್ದು 2013ರಲ್ಲಿ. ಇವು ಮುದ್ರಿತ ಕಾದಂಬರಿಗಳು, ಲೇಖಕರ ಹೆಸರೂ ಪ್ರಕಾಶಕರೂ ಇದ್ದವು. ‘ಅಗ್ನಿಸಾಕ್ಷಿ’ಯಂಥ ಧಾರಾವಾಹಿಯ ಜೋಡಿಗಾಗಿ ಫ್ಯಾನ್ ಪೇಜ್ ಮಾಡಿ ವಿಡಿಯೊ ಕತ್ತರಿಸಿ ಹಾಕುವವರಿಗೆ ಅದ್ಯಾವುದೂ ಇಲ್ಲ. ಅವರ ಖಾತೆ ಹೋದರೆ ಪತ್ರಿಕೆಯ ಒಳಪುಟದಲ್ಲೂ ಸುದ್ದಿಯಾಗುವುದಿಲ್ಲ.

ಅಭಿಮಾನಿ ಲೇಖಕರು ಹಕ್ಕುಸ್ವಾಮ್ಯದ ವೈರಿಗಳು ಎಂದು ಯಾರಾದರೂ ತಿಳಿದರೆ ಅದು ತಪ್ಪು. 2025ರಲ್ಲಿ ಯಾರೋ ಆ ಭಂಡಾರದ ಸುಮಾರು 1.26 ಕೋಟಿ ಕೃತಿಗಳನ್ನು ಬಾಚಿಕೊಂಡು ಎಐ ತರಬೇತಿಯ ದತ್ತಾಂಶವಾಗಿ ಹಗ್ಗಿಂಗ್ ಫೇಸ್ ತಾಣಕ್ಕೆ ಹಾಕಿದಾಗ, ಭಂಡಾರದವರು ಅದೇ ಡಿಎಂಸಿಎ ನೋಟಿಸು ಕೊಟ್ಟು ತೆಗೆಸಿದರು. ಇದರಲ್ಲಿ ಇಬ್ಬಂದಿತನವಿದೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ತನ್ನ ವಾಕ್ಯ ತನ್ನದು ಎಂಬ ಹಕ್ಕನ್ನು ಅವರು ಎಂದೂ ಅಲ್ಲಗಳೆದಿಲ್ಲ. ಬೇರೆಯವರ ಪಾತ್ರದ ಬಗ್ಗೆ ಯೋಚಿಸುವುದೂ ಬೇರೆಯವರ ಪುಟವನ್ನು ಇಡಿಯಾಗಿ ಎತ್ತುವುದೂ ಒಂದೇ ಅಲ್ಲ. ಹಣದ ವಿಷಯದಲ್ಲೂ ಹಾಗೆಯೇ. ‘ಟ್ವೈಲೈಟ್’ ಅಭಿಮಾನಿ ಕಥೆಯಾಗಿದ್ದ ‘ಫಿಫ್ಟಿ ಶೇಡ್ಸ್’ ಮಾರುಕಟ್ಟೆಗೆ ಬಂದದ್ದು ಪಾತ್ರಗಳ ಹೆಸರು ಬದಲಿಸಿಕೊಂಡೇ.

ದಾರಿ ಇಲ್ಲವೆಂದಲ್ಲ. ಕೆನಡಾ 2012ರಲ್ಲಿ ತನ್ನ ಕಾಯ್ದೆಗೆ ಒಂದು ಕಲಮು ಸೇರಿಸಿತು. ಪ್ರಕಟವಾದ ಕೃತಿಯನ್ನು ಬಳಸಿ ವ್ಯಕ್ತಿಯೊಬ್ಬ ಹೊಸ ಕೃತಿ ಮಾಡಬಹುದು. ಅದು ಲಾಭಕ್ಕಾಗಿ ಇರಬಾರದು, ಸಾಧ್ಯವಾದಲ್ಲೆಲ್ಲ ಮೂಲವನ್ನು ಹೆಸರಿಸಬೇಕು, ಬಳಸಿದ ಪ್ರತಿ ಕದ್ದದ್ದಾಗಿರಬಾರದು, ಮೂಲದ ಗಳಿಕೆಗೆ ಗಣನೀಯ ಪೆಟ್ಟು ಬೀಳಬಾರದು. ಅದರಿಂದ ಕೆನಡಾದ ಪ್ರಕಾಶಕರು ಮುಳುಗಿಹೋಗಿಲ್ಲ. ನಮ್ಮ 52ನೇ ಸೆಕ್ಷನ್ನಿಗೆ ಇಂಥದೇ ಒಂದು ಕಲಮು ಸೇರಲಿ. ದೂರು ಬಂದಾಗ ಬರೆದವರಿಗೆ ಉತ್ತರಿಸುವ ಹಕ್ಕು ಸಿಗಲಿ. ದೂರುದಾರ ಕೋರ್ಟಿಗೆ ಹೋಗದಿದ್ದರೆ 22ನೇ ದಿನ ಬರಹ ತಾನಾಗಿ ಮರಳಿ ಬರುವಂತಾಗಲಿ. ಹಕ್ಕುಸ್ವಾಮ್ಯ ನೋಡಿಕೊಳ್ಳುವುದು ಕೇಂದ್ರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ. ಕಾಯ್ದೆಯ ತಿದ್ದುಪಡಿಗೆ ಅದು ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ಸಿನಿಮಾ ಕಂಪನಿಗಳೂ ಸಂಗೀತ ಕಂಪನಿಗಳೂ ಮರೆಯದೆ ಬರೆಯುತ್ತವೆ, ನೀವೂ ಬರೆಯಿರಿ. ಅಲ್ಲಿಯವರೆಗೆ, ಯಾವ ತಾಣದಲ್ಲಿ ಕಥೆ ಹಾಕಿದ್ದರೂ ಅದರ ಒಂದು ಪ್ರತಿ ನಿಮ್ಮದೇ ಕಂಪ್ಯೂಟರಿನಲ್ಲಿರಲಿ.